ಬೇಸಗೆಯ ರಜೆಯೂ ಮಕ್ಕಳ ಶಿಬಿರವೂ

ಬೇಸಗೆಯ ರಜೆಯು ಮಕ್ಕಳಿಗೆ ಹಬ್ಬವೆಂದು ಎಲ್ಲರೂ ಹೇಳುವುದುಂಟು. ಅಜ್ಜನ ಮನೆಯೂ, ಮಾವಿನ ತೋಪೂ, ಕಥೆ ಹೇಳುವ ಹಿರಿಯರೂ ಉಳ್ಳ ಮಕ್ಕಳಿಗೆ ಅದು ಹಬ್ಬವೇ ಸರಿ. ಆದರೆ ಶಿಕಾರಿಪುರ ಸೊರಬ ಸೀಮೆಯ ಹಳ್ಳಿಗಳನ್ನೂ ತಾಂಡಾಗಳನ್ನೂ ಬಲ್ಲವರು ಬೇರೊಂದು ರಜೆಯನ್ನೂ ಕಂಡಿರುವರು. ಏಪ್ರಿಲ್ ತಿಂಗಳಲ್ಲಿ ಪಾಠಶಾಲೆಯ ಬಾಗಿಲು ಮುಚ್ಚಿತೆಂದರೆ ಮಧ್ಯಾಹ್ನದ ಬಿಸಿಯೂಟವು ಸಾಮಾನ್ಯವಾಗಿ ನಿಲ್ಲುವುದು. ತಂದೆತಾಯಿಗಳು ಬೆಳಗಾಗುತ್ತಲೇ ಕೂಲಿಗೆ ಹೋಗುವರು. ಕೆಲವರು ಕಾಫಿತೋಟಗಳ ಕಡೆಗೆ ಗುಳೆ ಹೊರಡುವರು. ಹುಡುಗನು ದನಗಳ ಹಿಂದೆಯೂ, ಹುಡುಗಿಯು ತೊಟ್ಟಿಲ ಮುಂದೆಯೂ ಉಳಿಯುವರು. ಮದುವೆಯ ಮುಹೂರ್ತಗಳು ಸಾಲಾಗಿ ಬರುವುದೂ ಈ ಎರಡು ತಿಂಗಳುಗಳಲ್ಲಿಯೇ. ಜೂನ್ ತಿಂಗಳಲ್ಲಿ ಉಪಾಧ್ಯಾಯಿನಿಯು ಹಾಜರಿ ಪುಸ್ತಕವನ್ನು ತೆರೆದು ಹೆಸರು ಕೂಗಿದಾಗ ಯಾವ ಹೆಸರಿಗೆ ಉತ್ತರ ಬಾರದೆ ಹೋಗುವುದೋ ಎಂಬ ಚಿಂತೆಯು ಆಗಲೇ ಮೊದಲಾಗತಕ್ಕುದು.

ಈ ಎರಡು ತಿಂಗಳುಗಳನ್ನು ಮಕ್ಕಳ ಪಾಲಿಗೆ ಸಾರ್ಥಕ ಮಾಡುವ ಒಂದು ಉಪಾಯವೇ ಸ್ವಯಂಸೇವಕರು ನಡೆಸುವ ಬೇಸಗೆಯ ಶಿಬಿರ. ಅದು ಎಲ್ಲಿ ಹುಟ್ಟಿತು, ಹೇಗೆ ನಡೆಯತಕ್ಕುದು, ನಮ್ಮ ಸೀಮೆಯಲ್ಲಿ ಅದಕ್ಕಿರುವ ಅನುಕೂಲಗಳೇನು, ಅಪಾಯಗಳೇನು ಎಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಮಕ್ಕಳ ತಂದೆತಾಯಿಗಳಿಗೂ ವಿವರಿಸಬೇಕೆಂಬುದೇ ಈ ಲೇಖನದ ಉದ್ದೇಶವು.

ಈ ಕಾರ್ಯದ ಮೂಲದಲ್ಲಿ ಒಬ್ಬ ಸಭಾಪಾಲಕನಿದ್ದಾನೆ. ಸ್ವಿಟ್ಜರ್ಲೆಂಡಿನ ಜೂರಿಕ್ ಪಟ್ಟಣದಲ್ಲಿ ಹರ್ಮನ್ ವಾಲ್ಟರ್ ಬಿಯೋನ್ ಎಂಬ ಪಾದ್ರಿಯು, ಇಕ್ಕಟ್ಟಾದ ಬೀದಿಗಳಲ್ಲಿ ಬಾಡುತ್ತಿದ್ದ ಬಡ ಮಕ್ಕಳನ್ನು ಕಂಡು ಮರುಗಿ, ೧೮೭೬ರ ಬೇಸಗೆಯಲ್ಲಿ ೬೮ ಮಂದಿ ಮಕ್ಕಳನ್ನು ಅಪ್ಪೆನ್ಸೆಲ್ ಬೆಟ್ಟಸೀಮೆಗೆ ಕಳುಹಿಸಿದನು. ಒಳ್ಳೆಯ ಗಾಳಿ, ಹಾಲು, ಆಟ, ಉಪಾಧ್ಯಾಯರ ಸಹವಾಸ, ಇಷ್ಟೇ ಅಲ್ಲಿಯ ಔಷಧವಾಗಿತ್ತು. ೧೮೯೮ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಹಾಸ್ ಎಂಬ ಸಂಡೇ ಸ್ಕೂಲಿನ ಸೇವಕಿಯು ಬೀದಿಯಲ್ಲಿ ಅಲೆಯುವ ಮಕ್ಕಳಿಗಾಗಿ ರಜೆಯ ಶಾಲೆಯನ್ನು ತೆರೆಯಬಯಸಿ, ಒಂದು ಬಿಯರ್ ಅಂಗಡಿಯ ಹಜಾರವನ್ನೇ ಬಾಡಿಗೆಗೆ ಹಿಡಿದಳು. ೧೯೦೧ರಲ್ಲಿ ರಾಬರ್ಟ್ ಬೋವಿಲ್ ಎಂಬವನು ಅದೇ ನಗರದಲ್ಲಿ ಇಂಥ ಶಾಲೆಗಳನ್ನು ಕ್ರಮವಾಗಿ ಏರ್ಪಡಿಸಿದನು. ನಮ್ಮ ಸಭೆಗಳಲ್ಲಿ ಈಗಲೂ ನಡೆಯುವ ರಜೆಯ ವೇದಪಾಠಶಾಲೆಯು ಈ ಬಳ್ಳಿಯದೇ ಕುಡಿ. ೧೯೦೭ರಲ್ಲಿ ಬೇಡನ್ ಪೊವೆಲನು ಬ್ರೌನ್‌ಸೀ ಎಂಬ ಸಣ್ಣ ದ್ವೀಪದಲ್ಲಿ ಸಿರಿವಂತರ ಮಕ್ಕಳನ್ನೂ ಕೆಲಸಗಾರರ ಮಕ್ಕಳನ್ನೂ ಒಂದೇ ಡೇರೆಯಲ್ಲಿ ಮಲಗಿಸಿ, ಒಂದೇ ಒಲೆಯ ಊಟ ಮಾಡಿಸಿದನು. ಸ್ಕೌಟುಗಳ ಚಳವಳಿಗೆ ಅದೇ ಆರಂಭ. ಇಂದು ಕೆರಿಬಿಯನ್ ಸಮುದ್ರದ ದ್ವೀಪಗಳವರೆಗೂ ಸ್ವಯಂಸೇವಕರು ಇಂಥ ಶಿಬಿರಗಳನ್ನು ನಡೆಸುವುದುಂಟು.

ಕನ್ನಡ ನಾಡು ಈ ವಿಷಯದಲ್ಲಿ ಹಿಂದೆ ಬಿದ್ದುದಿಲ್ಲ. ‘ಸರಸ್ವತಿ’ ಪತ್ರಿಕೆಯನ್ನು ನಡೆಸಿದ ಆರ್. ಕಲ್ಯಾಣಮ್ಮನವರು ೧೯೩೮ರಲ್ಲಿ ಬೆಂಗಳೂರಿನಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದರು. ಎಳೆಯ ವಯಸ್ಸಿನಲ್ಲಿಯೇ ವಿಧವೆಯಾದ ಆ ಮಹಿಳೆಯು ಊರಿನ ಮಕ್ಕಳೆಲ್ಲರನ್ನೂ ತನ್ನವರೆಂದೆಣಿಸಿದುದು ನಮ್ಮ ಬಾಲಿಕೆಯರು ನೆನೆಯತಕ್ಕ ಸಂಗತಿ. ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನವನ್ನು ಕಟ್ಟಿದರು. ಸೊರಬಕ್ಕೆ ನೆರೆಯಾದ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ೧೯೪೯ರಲ್ಲಿ ಹುಟ್ಟಿದ ನೀನಾಸಮ್, ಹಳ್ಳಿಯಲ್ಲಿಯೂ ಉತ್ತಮವಾದ ನಾಟಕಕಲೆಯು ಬೆಳೆಯಬಲ್ಲುದೆಂದು ತೋರಿಸಿತು. ಅದೇ ತಾಲ್ಲೂಕಿನ ತುಮರಿಯ ಕಿನ್ನರ ಮೇಳವು ಮಕ್ಕಳ ನಾಟಕಗಳಿಗೆ ಹೆಸರಾಯಿತು. ಮೈಸೂರಿನ ರಂಗಾಯಣದ ಚಿಣ್ಣರ ಮೇಳವನ್ನು ಅನೇಕರು ಬಲ್ಲರು. ಈಚಿನ ವರ್ಷಗಳಲ್ಲಿ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಲ್ಲಿಯೂ ಬೇಸಗೆಯ ಶಿಬಿರಗಳು ನಡೆದಿರುವುದರಿಂದ, ಹಣವುಳ್ಳ ಪಟ್ಟಣಿಗರ ಸೊತ್ತಾಗಿದ್ದ ಈ ಪದ್ಧತಿಯು ಹಳ್ಳಿಯ ಬಾಗಿಲಿಗೂ ಬಂದಂತಾಗಿದೆ.

ಇನ್ನು ಶಿಬಿರವು ನಡೆಯುವ ಬಗೆ. ಮೊದಲು ಮಾಡುವವರ ವಿಷಯ. ನಲವತ್ತು ಮಕ್ಕಳ ಶಿಬಿರಕ್ಕೆ ಆರೇಳು ಮಂದಿ ಸ್ವಯಂಸೇವಕರಾದರೂ ಬೇಕು. ಅವರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಸ್ತ್ರೀಯರಾಗಿರತಕ್ಕುದು. ಹಾಡುವವರು, ಚಿತ್ರ ಬರೆಯುವವರು, ಗಾಯಕ್ಕೆ ಪಟ್ಟಿ ಕಟ್ಟಬಲ್ಲವರು, ಅಡಿಗೆಯ ಲೆಕ್ಕ ಹಿಡಿಯಬಲ್ಲವರು, ಇವರೆಲ್ಲರೂ ಬೇಕು. ಎಲ್ಲವನ್ನೂ ಬಲ್ಲೆವೆನ್ನುವವರು ಮಾತ್ರ ಅಷ್ಟಾಗಿ ಬೇಡ. ಶಿಬಿರಕ್ಕೆ ಎರಡು ದಿನ ಮೊದಲೇ ಇವರೆಲ್ಲರೂ ಕೂಡಿ, ಯಾರು ಯಾವ ಮಕ್ಕಳಿಗೆ ಹೊಣೆಯೆಂಬುದನ್ನು ಬರೆದಿಟ್ಟುಕೊಳ್ಳಬೇಕು. ಯಾವ ಸ್ವಯಂಸೇವಕನೂ ಒಂದು ಮಗುವಿನೊಡನೆ ಏಕಾಂತದಲ್ಲಿರಕೂಡದೆಂಬ ನಿಯಮವನ್ನು ಸಂಕೋಚವಿಲ್ಲದೆ ಆಚರಿಸತಕ್ಕುದು. ೨೦೧೨ರಲ್ಲಿ ಮಕ್ಕಳ ರಕ್ಷಣೆಗಾಗಿ ಆದ ಪೋಕ್ಸೋ ಕಾನೂನನ್ನು ಎಲ್ಲರಿಗೂ ಓದಿ ಹೇಳತಕ್ಕುದು. ಇದು ಅವಿಶ್ವಾಸವಲ್ಲ, ಒಪ್ಪಿಸಿಕೊಂಡ ನಿಧಿಯ ಕಾವಲು.

ದಿನಚರಿಯು ಸರಳವಾಗಿದ್ದಷ್ಟೂ ಒಳ್ಳೆಯದು. ಬೆಳಗಿನ ತಂಪಿನಲ್ಲಿ ಆಟವೂ ತಿರುಗಾಟವೂ. ಬಿಸಿಲೇರಿದ ಮೇಲೆ ನೆರಳಿನಲ್ಲಿ ಕೈಕೆಲಸ, ಚಿತ್ರ, ಓದು. ಊಟವಾದ ಬಳಿಕ ವಿಶ್ರಾಂತಿಯೂ ಕಥೆಯೂ. ಸಂಜೆ ಹಾಡು ಮತ್ತು ನಾಟಕದ ಅಭ್ಯಾಸ. ಪಾಠಶಾಲೆಯ ಪಾಠವನ್ನೇ ಇಲ್ಲಿಯೂ ಒಪ್ಪಿಸಬಾರದು. ಮಕ್ಕಳನ್ನು ಎಂಟೆಂಟು ಮಂದಿಯ ಗುಂಪುಗಳನ್ನಾಗಿ ಮಾಡುವಾಗ ಜಾತಿ, ಕೇರಿ, ಭಾಷೆಗಳನ್ನು ಬೆರಸಿಯೇ ಮಾಡಬೇಕು. ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಮಗುವು ತನ್ನ ನುಡಿಯ ಒಂದು ಹಾಡನ್ನು ಉಳಿದವರಿಗೆ ಕಲಿಸಿದ ದಿನ, ಕೊನೆಯ ಸಾಲಿನಲ್ಲಿ ತಲೆತಗ್ಗಿಸಿ ಕೂತಿದ್ದ ಮಗುವೇ ಗುರುವಾಗುವುದು. ಗುಡಿಸುವ ಕೆಲಸವು ಹುಡುಗರಿಗೂ, ಮರ ಹತ್ತುವ ಆಟವು ಹುಡುಗಿಯರಿಗೂ ಸಲ್ಲತಕ್ಕುದು. ಎಲ್ಲಕ್ಕಿಂತ ಹೆಚ್ಚಾಗಿ ಊಟದ ಪಂಕ್ತಿಯು ಒಂದೇ ಆಗಿರಬೇಕು. ಪಂಕ್ತಿಯು ಒಡೆದ ಶಿಬಿರದಲ್ಲಿ ಎಷ್ಟು ಹಾಡು ಹಾಡಿಸಿದರೂ ಫಲವಿಲ್ಲ.

ನೋಡಿಸಲು ಯೋಗ್ಯವಾದ ಸ್ಥಳಗಳಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕದಂಬ ಶಾಂತಿವರ್ಮನ ಕಾಲದ ಶಿಲಾಸ್ತಂಭವಿದೆ. ವಿದ್ಯೆಗಾಗಿ ಕಂಚಿಗೆ ಹೋದ ಮಯೂರಶರ್ಮನು ಅಲ್ಲಿ ಅವಮಾನಿತನಾಗಿ, ಕಡೆಗೆ ರಾಜ್ಯವನ್ನೇ ಕಟ್ಟಿದ ಕಥೆಯು ಅದರಲ್ಲಿ ಕೊರೆಯಲ್ಪಟ್ಟಿದೆ. ಕಾಕುಸ್ಥವರ್ಮನು ಕೆರೆಯನ್ನು ಕಟ್ಟಿಸಿದ ಮಾತೂ ಅದರಲ್ಲಿಯೇ ಇದೆ. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ ೧೧೬೨ರ ಶಾಸನವು ಅಲ್ಲಿ ವಿದ್ಯೆಯ ಜೊತೆಗೆ ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುವೆಂದು ಹೇಳುತ್ತದೆ. ವಿದ್ಯೆ, ಅನ್ನ, ಔಷಧ ಈ ಮೂರನ್ನೂ ಒಂದೇ ಸೂರಿನಡಿಯಲ್ಲಿ ಕೊಡಬೇಕೆಂಬುದು ಹೊರನಾಡಿನಿಂದ ಬಂದ ಹೊಸ ಯೋಚನೆಯಲ್ಲ. ನಮ್ಮ ನೆಲದಲ್ಲಿಯೇ ಕಲ್ಲಿನ ಮೇಲೆ ಬರೆದಿಟ್ಟಿರುವುದು. ಅಲ್ಲಮಪ್ರಭುವಿನ ಹೆಸರು ಬಳ್ಳಿಗಾವೆಯೊಡನೆಯೂ, ಅಕ್ಕಮಹಾದೇವಿಯ ಹೆಸರು ಉಡುತಡಿಯೊಡನೆಯೂ ಕೂಡಿಕೊಂಡಿವೆ. ಹುಡುಗಿಯರ ಗುಂಪು ಉಡುತಡಿಯ ಹಾದಿಯಲ್ಲಿ ನಡೆಯುವಾಗ, ಒಪ್ಪದ ಬಾಳನ್ನು ಬಿಟ್ಟು ಹೊರಟ ಆ ಧೀರೆಯ ಕಥೆಯನ್ನು ಹೇಳದೆ ಇರುವುದು ಹೇಗೆ?

ಈಸೂರಿನ ಕಥೆಯನ್ನು ತೂಕವಾಗಿ ಹೇಳತಕ್ಕುದು. ೧೯೪೨ರಲ್ಲಿ ಆ ಊರಿನವರು ತಾವು ಸ್ವತಂತ್ರರೆಂದು ಸಾರಿ ತಮ್ಮದೇ ಆಡಳಿತವನ್ನು ಏರ್ಪಡಿಸಿಕೊಂಡಾಗ, ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಪದವಿಗಳಿಗೆ ಬಾಲಕರನ್ನೇ ನೇಮಿಸಿದರು. ಅನಂತರದ ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಮೃತರಾದರು; ೧೯೪೩ರ ಮಾರ್ಚಿ ತಿಂಗಳಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಶೌರ್ಯವನ್ನೂ ಶೋಕವನ್ನೂ ಕೂಡಿಯೇ ಹೇಳಿದರೆ ಮಕ್ಕಳು ಎರಡನ್ನೂ ಗ್ರಹಿಸುವರು.

ಸೊರಬದ ಕಡೆಗೆ ಬಂದರೆ, ಗಂಧದ ಮರದಲ್ಲಿ ಸೂಕ್ಷ್ಮವಾದ ಕೆತ್ತನೆಯನ್ನು ಮಾಡುವ ಗುಡಿಗಾರರನ್ನು ಶಿಬಿರಕ್ಕೆ ಕರೆಯಿಸಿ, ಉಳಿಯನ್ನು ಹಿಡಿಯುವ ಬಗೆಯನ್ನಾದರೂ ಮಕ್ಕಳಿಗೆ ತೋರಿಸಬಹುದು. ಗುಡವಿಯ ಪಕ್ಷಿಧಾಮವು ಈ ತಾಲ್ಲೂಕಿನದೇ. ಆದರೆ ಅಲ್ಲಿ ಹಕ್ಕಿಗಳು ನೆರೆದು ಗೂಡು ಕಟ್ಟುವುದು ಮಳೆಗಾಲದಲ್ಲಿ. ಆದಕಾರಣ ಬೇಸಗೆಯಲ್ಲಿ ಮಕ್ಕಳನ್ನು ಆಸೆ ತೋರಿಸಿ ಕರೆದೊಯ್ದು ನಿರಾಶೆಗೊಳಿಸಬಾರದು.

ಇಲ್ಲಿ ಅಪಾಯಗಳ ಮಾತು ಬರುವುದು. ಸೊರಬದ ಹಳ್ಳಿಗಳ ಸುತ್ತಲಿನ ಹಸುರು ‘ಕಾನು’ಗಳು ಕಣ್ಣಿಗೆ ತಂಪು, ಆದರೆ ಅದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ೧೯೫೭ರಲ್ಲಿ ಒಂದು ಹೊಸ ರೋಗವು ಗುರುತಿಸಲ್ಪಟ್ಟು, ಆ ಊರಿನ ಹೆಸರಿನಿಂದಲೇ ಲೋಕದ ವೈದ್ಯಗ್ರಂಥಗಳನ್ನು ಸೇರಿತು. ನಮ್ಮ ಜನರು ಅದನ್ನು ಮಂಗನ ಕಾಯಿಲೆ ಎನ್ನುವರು. ಮಂಗಗಳೂ ಮುಸಿಯಗಳೂ ಈ ರೋಗದಿಂದ ಸಾಯುವುವು. ಮನುಷ್ಯರಿಗೆ ಇದು ಅಂಟುವುದು ಕಾಡಿನ ಉಣ್ಣೆಯ ಕಡಿತದಿಂದ. ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಇದು ಹರಡುವುದಿಲ್ಲ. ಥಟ್ಟನೆ ಬರುವ ಜ್ವರ, ಬಲವಾದ ತಲೆನೋವು, ಮೈಕೈ ನೋವು, ಕೆಲವರಲ್ಲಿ ರಕ್ತಸ್ರಾವ, ಇವು ಲಕ್ಷಣಗಳು. ರೋಗಿಗಳಲ್ಲಿ ನೂರಕ್ಕೆ ಮೂರರಿಂದ ಐದು ಮಂದಿಯಷ್ಟು ಸಾಯುವರೆಂದು ಲೆಕ್ಕವಿದೆ. ಉಣ್ಣೆಯ ಮರಿಗಳು ಹೆಚ್ಚಾಗಿರುವ ಕಾಲವೆಂದರೆ ಚಳಿಗಾಲದ ಆರಂಭದಿಂದ ಮೇ ತಿಂಗಳವರೆಗೆ; ಅಂದರೆ ನಮ್ಮ ಶಿಬಿರದ ಕಾಲವೂ ಅದರಲ್ಲಿಯೇ ಸೇರಿದೆ! ಮೊದಲು ಹಾಕುತ್ತಿದ್ದ ಲಸಿಕೆಯು ಸಾಕಷ್ಟು ರಕ್ಷಣೆಯನ್ನು ಕೊಡುವುದಿಲ್ಲವೆಂದು ನಿಲ್ಲಿಸಲ್ಪಟ್ಟಿರುವುದರಿಂದ ಎಚ್ಚರಿಕೆಯೇ ಮುಖ್ಯವಾದ ಮದ್ದು.

ಆದಕಾರಣ ಶಿಬಿರಕ್ಕೆ ಸ್ಥಳವನ್ನಾರಿಸುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ವಿಚಾರಿಸಬೇಕು. ಮಂಗಗಳು ಸತ್ತ ಸುದ್ದಿಯಿರುವ ಕಾಡಿನ ಕಡೆಗೆ ಮಕ್ಕಳನ್ನು ಕರೆದೊಯ್ಯಲೇಬಾರದು. ಕಾಡಂಚಿಗೆ ಹೋಗಬೇಕಾದಲ್ಲಿ ತುಂಬು ತೋಳಿನ ಬಟ್ಟೆಯನ್ನು ತೊಡಿಸಿ, ಆರೋಗ್ಯ ಇಲಾಖೆಯವರು ಕೊಡುವ ಉಣ್ಣೆ ನಿವಾರಕ ತೈಲವನ್ನು ಹಚ್ಚಬೇಕು. ತರಗೆಲೆಯ ಮೇಲೆ ಕೂರಿಸಬಾರದು. ಮರಳಿ ಬಂದೊಡನೆ ಬಿಸಿನೀರಿನ ಸ್ನಾನವಾಗಿ, ಬಟ್ಟೆಗಳನ್ನು ಒಗೆದು, ಮೈಯಲ್ಲಿ ಉಣ್ಣೆಯಿದೆಯೋ ಎಂದು ನೋಡತಕ್ಕುದು. ಸತ್ತ ಮಂಗವನ್ನು ಕಂಡರೆ ಮುಟ್ಟದೆ ಸುದ್ದಿ ಮುಟ್ಟಿಸಬೇಕು. ಶಿಬಿರ ಮುಗಿದ ಮೇಲೆಯೂ ಮಗುವಿಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕೆಂದು ತಂದೆತಾಯಿಗಳಿಗೆ ಹೇಳಿ ಕಳುಹಿಸತಕ್ಕುದು. ಇವೆರಡೂ ಕೆರೆಗಳು ಹೆಚ್ಚಾಗಿರುವ ತಾಲ್ಲೂಕುಗಳು. ಈಜು ಬಲ್ಲವರ ಕಾವಲಿಲ್ಲದೆ ಮಕ್ಕಳನ್ನು ನೀರಿಗಿಳಿಸುವುದು ಸೇವೆಯಲ್ಲ, ಅಪರಾಧ. ಸಂಜೆಯ ಗುಡುಗು ಮಳೆಯಲ್ಲಿ ಮರದಡಿ ನಿಲ್ಲಬಾರದೆಂಬುದನ್ನೂ ಕಲಿಸಬೇಕು.

ನಮ್ಮಂಥ ಮಿಷನ್ ಶಾಲೆಯವರು ಮತ್ತೊಂದು ವಿಷಯದಲ್ಲಿ ಸ್ಪಷ್ಟವಾಗಿರಬೇಕು. ವೇದಪಾಠಕ್ಕೆಂದು ತಂದೆತಾಯಿಗಳು ತಿಳಿದು ಕಳುಹಿಸಿದ ಮಕ್ಕಳಿಗೆ ವೇದಪಾಠವನ್ನು ಹೇಳುವುದು ಯುಕ್ತವೇ. ಆದರೆ ಎಲ್ಲ ಮತಗಳ ಮಕ್ಕಳನ್ನೂ ಆಟಪಾಠಗಳಿಗೆಂದು ಕರೆದ ಶಿಬಿರದಲ್ಲಿ ಅನ್ನವನ್ನೂ ಆಟಿಕೆಯನ್ನೂ ಬಲೆಯಾಗಿ ಮಾಡಬಾರದು. ಚಿಕ್ಕ ಮಕ್ಕಳನ್ನು ತಡೆಯದೆ ತನ್ನ ಬಳಿಗೆ ಬರಗೊಟ್ಟ ಕರ್ತನು ಅವರಿಂದ ಯಾವ ಬೆಲೆಯನ್ನೂ ಕೇಳಲಿಲ್ಲವೆಂಬುದನ್ನು ನಾವು ಮರೆಯಲಾಗದು.

ಸ್ವಯಂಸೇವಕರಿಗೂ ಒಂದು ಮಾತು. ದೂರದಿಂದ ಬಂದು ಹತ್ತು ದಿನ ಪ್ರೀತಿ ತೋರಿ, ಚಿತ್ರಗಳನ್ನು ತೆಗೆಯಿಸಿಕೊಂಡು ಹೋಗಿಬಿಡುವವರು ಮಕ್ಕಳ ಮನಸ್ಸಿನಲ್ಲಿ ಒಂದು ಬರಿದಾದ ಸ್ಥಳವನ್ನು ಬಿಟ್ಟು ಹೋಗುವರು. ಹಿಂದಿರುಗಿ ಬರುವೆನೆಂದು ಮಾತು ಕೊಟ್ಟರೆ ಬರತಕ್ಕುದು. ಬರಲಾಗದಿದ್ದರೆ ಮಾತು ಕೊಡಬಾರದು. ಸ್ಥಳದಲ್ಲಿಯೇ ನೆಲೆಸಿರುವವರು ಕೆಲವರಾದರೂ ಇದರಲ್ಲಿ ಸೇರಿರುವುದು ಆದುದರಿಂದಲೇ ಅವಶ್ಯಕ. ಶಿಕಾರಿಪುರ, ಸೊರಬ, ಶಿರಾಳಕೊಪ್ಪ, ಆನವಟ್ಟಿಗಳಲ್ಲಿ ಸಂಸಾರವಂದಿಗರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಈ ಕೆಲಸಕ್ಕೆ ಯಾರಿಗಿಂತಲೂ ಯೋಗ್ಯರೆಂದು ನಾವು ನಂಬುತ್ತೇವೆ.

ಏಕೆಂದರೆ ಶಿಬಿರದ ನಿಜವಾದ ಕೆಲಸವು ಅದು ಮುಗಿದ ಮೇಲೆಯೇ ಇರುವುದು. ಹದಿಮೂರು ಹದಿನಾಲ್ಕು ವಯಸ್ಸಿನ ಹುಡುಗಿಯೊಬ್ಬಳು ಮೂರನೆಯ ದಿನದಿಂದ ಬಾರದಿದ್ದರೆ ಅವಳ ಮನೆಗೆ ಹೋಗಿ ಕೇಳುವವರು ಬೇಕು. ೨೦೦೬ರ ಕಾನೂನಿನಂತೆ ಹದಿನೆಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆಯು ಅಪರಾಧವೆಂದು ಅವಳ ತಾಯಿಗೆ ಮೃದುವಾಗಿಯೂ, ಅಗತ್ಯವಾದರೆ ದೃಢವಾಗಿಯೂ ತಿಳಿಸುವವರು ಬೇಕು. ಮಾತು ಸಾಲದಾದರೆ ಮಕ್ಕಳ ಸಹಾಯವಾಣಿಯಾದ ೧೦೯೮ಕ್ಕೆ ಕರೆಮಾಡುವ ಧೈರ್ಯವೂ ಬೇಕು. ಹೊರಗಿನವರು ಹೇಳಿದರೆ ಹಗೆಯಾಗುವ ಮಾತು, ಅದೇ ಬೀದಿಯ ಅಕ್ಕನು ಹೇಳಿದರೆ ಹಿತವಾಗುವುದು.

ಶಿಬಿರದ ಕೊನೆಯ ದಿನ ನಾಟಕವಾಗುವುದು, ಹಾಡಾಗುವುದು, ತಂದೆತಾಯಿಗಳು ಚಪ್ಪಾಳೆ ತಟ್ಟುವರು. ಸಂತೋಷವೇ. ಆದರೂ ಶಿಬಿರದ ಹೆಸರು ಪಟ್ಟಿಯನ್ನು ಅಂದೇ ಮಡಿಸಿಡಬಾರದೆಂದು ನಾವು ಬೇಡುತ್ತೇವೆ. ಪಾಠಶಾಲೆಯು ತೆರೆದ ಮೊದಲ ವಾರದಲ್ಲಿ ಆ ಪಟ್ಟಿಯನ್ನು ಹಿಡಿದು ಶಾಲೆಗೆ ಹೋಗಿ, ಹಾಜರಿ ಪುಸ್ತಕದೊಡನೆ ಹೋಲಿಸಿ ನೋಡಿರಿ. ಎಲ್ಲ ಹೆಸರುಗಳಿಗೂ ಉತ್ತರ ಬಂದಿದ್ದರೆ ದೇವರಿಗೆ ಸ್ತೋತ್ರ ಮಾಡಿರಿ. ಒಂದು ಹೆಸರಿಗೆ ಬಾರದಿದ್ದರೆ, ಆ ಸಂಜೆಯೇ ಆ ಮನೆಯ ಬಾಗಿಲನ್ನು ತಟ್ಟಿರಿ.