ಒಂದೇ ಗಣಕಯಂತ್ರದಲ್ಲಿ ಎರಡು ಕಾರ್ಯಾಚರಣ ವ್ಯವಸ್ಥೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ನಿಂತಿತು. ಟಿಪಿಎಂ 2.0 ಇಲ್ಲದ ಹಳೆಯ ಯಂತ್ರಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ಅಂಥ ಯಂತ್ರವನ್ನೇ ನೆಚ್ಚಿದ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಡಿಟಿಪಿ ಅಂಗಡಿಯವರಿಗೆ ಇದು ಇಕ್ಕಟ್ಟು. ಉಚಿತವಾದ ಲಿನಕ್ಸ್‌ಗೆ ಪೂರ್ತಿ ಹೋಗೋಣವೆಂದರೆ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ವಿಂಡೋಸ್‌ಗಾಗಿ ರೂಪುಗೊಂಡದ್ದು. ಯುನಿಕೋಡ್ ಅಲ್ಲದ ಹಳೆಯ ಕಡತಗಳು ಅದರ ಅಕ್ಷರವಿನ್ಯಾಸವಿಲ್ಲದೆ ಓದಲು ಬಾರವು. ನುಡಿಗೆ ವಿಂಡೋಸ್, ಅಂತರ್ಜಾಲಕ್ಕೆ ಲಿನಕ್ಸ್ ಎಂದು ಎರಡನ್ನೂ ಒಂದೇ ಯಂತ್ರದಲ್ಲಿ ಇರಿಸಿಕೊಳ್ಳಬಹುದು.

ಮೊದಲು ಕಡತಗಳನ್ನೆಲ್ಲ ಹೊರಗಿನ ಹಾರ್ಡ್‌ಡಿಸ್ಕ್‌ಗೆ ನಕಲಿಸಬೇಕು. ಬಳಿಕ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ‘ಸಿ’ ವಿಭಾಗವನ್ನು ಕುಗ್ಗಿಸಿ ಸುಮಾರು 50 ಜಿಬಿ ಜಾಗ ತೆರವು ಮಾಡಬೇಕು. ಈ ನಡುವೆ ಕರೆಂಟು ಹೋದರೆ ಕಡತಗಳಿಗೇ ಕುತ್ತು. ಯುಪಿಎಸ್ ಇಲ್ಲದೆ ಕೈಹಾಕದಿರುವುದೇ ಲೇಸು. ಉಬುಂಟು ಅಳವಡಿಸುವಾಗ ಇಡೀ ಡಿಸ್ಕ್ ಅಳಿಸುವ ಆಯ್ಕೆಯನ್ನು ಒತ್ತಿದರೆ ವರ್ಷಗಳ ದುಡಿಮೆ ಮಾಯವಾಗುತ್ತದೆ. ವಿಂಡೋಸ್ ಜೊತೆಗೆ ಅಳವಡಿಸುವ ಆಯ್ಕೆಯನ್ನೇ ಆರಿಸಬೇಕು. ಆಮೇಲೆ ಯಂತ್ರ ಚಾಲೂ ಆದಾಗಲೆಲ್ಲ ‘ಗ್ರಬ್’ ಎಂಬ ಪಟ್ಟಿ ಮೂಡಿ, ಯಾವುದು ಬೇಕೆಂದು ಕೇಳುತ್ತದೆ.

ವಿಂಡೋಸ್‌ಗೆ ಮರಳಿದಾಗ ಗಡಿಯಾರ ಐದೂವರೆ ತಾಸು ಹಿಂದೆ ಬಿದ್ದಿದ್ದರೆ ಗಾಬರಿ ಬೇಡ. ಲಿನಕ್ಸ್ ಯಂತ್ರದ ಗಡಿಯಾರವನ್ನು ಜಾಗತಿಕ ಸಮಯಕ್ಕೆ ಹೊಂದಿಸುತ್ತದೆ. ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ಸ್ಥಳೀಯ ಸಮಯ ಬಳಸುವಂತೆ ಲಿನಕ್ಸ್‌ಗೆ ಒಮ್ಮೆ ಆಜ್ಞೆ ಕೊಟ್ಟರೆ ಸರಿಹೋಗುತ್ತದೆ.