ಮಳೆನಾಡಿನ ಶಾಲಾ ಪ್ರಯೋಗಾಲಯ: ಕೊಳ್ಳುವ ಮುನ್ನ, ಕೊಂಡ ನಂತರ

ದಸರಾ ರಜೆ ಮುಗಿದು ಶಾಲೆ ಪುನಃ ಆರಂಭವಾದ ದಿನ, ಮಲೆನಾಡಿನ ಯಾವುದಾದರೂ ಪ್ರೌಢಶಾಲೆಯ ವಿಜ್ಞಾನದ ಬೀರುವನ್ನು ತೆರೆದು ನೋಡಿ. ಬಾಟಲಿಗಳ ಕುತ್ತಿಗೆಯ ಸುತ್ತ, ಬಿರಡೆಗಳ ಮೇಲೆ, ಕೆಳಗಿನ ಅರೆಯ ಉಪಕರಣಗಳ ಮೇಲೂ ಬಿಳಿಯ ಹಿಟ್ಟಿನಂಥದು ಕೂತಿರುತ್ತದೆ. ಧೂಳೆಂದು ಒರೆಸಿಬಿಡುವುದು ವಾಡಿಕೆ. ಆದರೆ ಅದು ಧೂಳಲ್ಲ, ಅಮೋನಿಯಂ ಕ್ಲೋರೈಡ್. ನಮ್ಮ ಅಂಗಡಿಗಳ ನವಸಾಗರ. ಹೈಡ್ರೊಕ್ಲೋರಿಕ್ ಆಮ್ಲದ ಬಾಟಲಿಯಿಂದ ಸೋರಿದ ಅನಿಲವೂ ಅದರ ಪಕ್ಕದಲ್ಲೇ ಇಟ್ಟ ಅಮೋನಿಯ ಬಾಟಲಿಯಿಂದ ಸೋರಿದ ಅನಿಲವೂ ಬೀರುವಿನೊಳಗಿನ ಗಾಳಿಯಲ್ಲಿ ಸಂಧಿಸಿ ಘನರೂಪ ತಾಳಿರುತ್ತವೆ. ಎರಡು ಬಾಟಲಿಗಳೂ ಸರಿಯಾಗಿ ಮುಚ್ಚಿಲ್ಲ, ಅವು ಒಂದೇ ಕಡೆ ಇರಬಾರದಾಗಿತ್ತು ಎಂಬ ಎರಡು ಸುದ್ದಿಗಳನ್ನು ಆ ಬಿಳಿ ಪುಡಿ ಹೇಳುತ್ತಿರುತ್ತದೆ.

ನಾನು ಭೌತವಿಜ್ಞಾನದವನಾದ್ದರಿಂದ ನನ್ನ ಕಣ್ಣು ಮೊದಲು ಹೋಗುವುದು ಕೆಳಗಿನ ಅರೆಗೆ. ಗ್ಯಾಲ್ವನೋಮೀಟರಿನ ಹಿತ್ತಾಳೆ ತಿರುಪುಗಳು ಹಸಿರಾಗಿರುತ್ತವೆ, ರಿಯೋಸ್ಟಾಟಿನ ಜಾರುಗುಂಡಿ ಜಾರುವುದಿಲ್ಲ, ಸ್ಪ್ರಿಂಗ್ ತ್ರಾಸು ತುಕ್ಕು ಹಿಡಿದಿರುತ್ತದೆ. ಇವೆಲ್ಲ ಹಳತಾಗಿ ಕೆಟ್ಟವಲ್ಲ. ಮೇಲಿನ ಅರೆಯ ಆಮ್ಲದ ಆವಿ, ಮಳೆಗಾಲದ ತೇವ ಎರಡೂ ಸೇರಿ ತಿಂದವು.

ಕೆಲವು ವರ್ಷಗಳ ಹಿಂದೆ ಇಂಥದೊಂದು ಶಾಲೆಗೆ ಹೋಗಿದ್ದೆ. ಪ್ರಯೋಗಾಲಯಕ್ಕೆ ಬೀಗ ಹಾಕಿತ್ತು. ಮುಖ್ಯೋಪಾಧ್ಯಾಯರು, "ಹಿಂದಿನವರು ಏನೇನೋ ತರಿಸಿಟ್ಟು ಹೋಗಿದ್ದಾರೆ ಸಾರ್, ಯಾವ ಬಾಟಲಿಯಲ್ಲಿ ಏನಿದೆಯೋ ಗೊತ್ತಿಲ್ಲ. ಬೀಗ ಹಾಕಿದರೆ ಅಪಾಯವಿಲ್ಲವಲ್ಲ" ಎಂದರು. ಅವರ ಭಯ ಸುಳ್ಳಲ್ಲ. ಆದರೆ ಆ ಬೀಗದಿಂದಾಗಿ ಆ ಶಾಲೆಯ ಮಕ್ಕಳು ಹತ್ತನೆಯ ತರಗತಿ ಮುಗಿಸುವವರೆಗೆ ಒಂದು ಲಿಟ್ಮಸ್ ಕಾಗದ ಬಣ್ಣ ಬದಲಿಸುವುದನ್ನೂ ನೋಡಿರಲಿಲ್ಲ. ಶಾಲೆಯ ರಾಸಾಯನಿಕಗಳ ಅಪಾಯ ಬಹುಮಟ್ಟಿಗೆ ಪ್ರಯೋಗ ಮಾಡುವಾಗ ಹುಟ್ಟುವುದಲ್ಲ. ಬೇಕಾದ್ದಕ್ಕಿಂತ ಹೆಚ್ಚು ಕೊಂಡಾಗ, ಕೊಂಡದ್ದನ್ನು ಗುರುತಿಲ್ಲದೆ ಇಟ್ಟಾಗ ಹುಟ್ಟುವುದು.

ಎಷ್ಟು ಬೇಕು ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಎಂಟರಿಂದ ಹತ್ತನೆಯ ತರಗತಿವರೆಗೆ 120 ಮಕ್ಕಳಿರುವ ಶಾಲೆ ಎನ್ನಿ. ನಾಲ್ವರಿಗೆ ಒಂದು ಗುಂಪಾದರೆ 30 ಗುಂಪು. ವರ್ಷದಲ್ಲಿ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲ ಬೇಕಾಗುವ ಎಂಟು ಪ್ರಯೋಗಗಳು, ಪ್ರತಿ ಗುಂಪಿಗೆ ಪ್ರತಿ ಸಲ 10 ಮಿಲಿಲೀಟರ್. ಒಟ್ಟು 2400 ಮಿಲಿಲೀಟರ್ ಆಯಿತು. ಅದು 2 ಮೋಲಾರ್ ಸಾರತೆಯ ಆಮ್ಲ. ಅಂಗಡಿಯಿಂದ ಬರುವ ಸಾಂದ್ರ ಆಮ್ಲ ಸುಮಾರು 12 ಮೋಲಾರ್ ಇರುವುದರಿಂದ ಆರನೆಯ ಒಂದು ಪಾಲು, ಅಂದರೆ 400 ಮಿಲಿಲೀಟರ್ ಸಾಕು. ಅರ್ಧ ಲೀಟರಿನ ಒಂದೇ ಬಾಟಲಿಯಲ್ಲಿ ವರ್ಷ ಕಳೆಯುತ್ತದೆ. ಆದರೂ ಎರಡೂವರೆ ಲೀಟರಿನ ನಾಲ್ಕು ಬಾಟಲಿಗಳನ್ನು ತರಿಸಿಟ್ಟ ಶಾಲೆಗಳನ್ನು ಕಂಡಿದ್ದೇನೆ. ಕಾರಣ ಸರಳ: ಅನುದಾನ ಮಾರ್ಚಿಯಲ್ಲಿ ಬಂತು, ತಿಂಗಳೊಳಗೆ ಖರ್ಚಾಗಬೇಕು, ದೊಡ್ಡ ಬಾಟಲಿ ಅಗ್ಗ. ಮಾರ್ಚಿಯಲ್ಲಿ ತಂದ ಸಾಮಾನು ಬೇಸಿಗೆ ರಜೆ ಕಳೆದು ಜೂನಿನ ಮಳೆಗೆ ಸಿಕ್ಕುತ್ತದೆ. ಒಣಕೋಶಗಳಾದರೆ ಪ್ರಯೋಗಕ್ಕೆ ಮೊದಲೇ ಒಸರಿರುತ್ತವೆ. ಹಣ ಮಾರ್ಚಿಯಲ್ಲೇ ಖರ್ಚಾಗಬೇಕಾದರೆ ಅದರಲ್ಲಿ ಮಸೂರ, ಬೀಕರು, ಮಲ್ಟಿಮೀಟರಿನಂಥ ಬಾಳುವ ವಸ್ತು ಕೊಳ್ಳಿ. ರಾಸಾಯನಿಕವನ್ನೂ ಕೋಶಗಳನ್ನೂ ಪಾಠಕ್ಕೆ ತಕ್ಕಂತೆ ಸ್ವಲ್ಪಸ್ವಲ್ಪವೇ ತರಿಸಿ.

ಎಲ್ಲವೂ ಪೇಟೆಯ ವಿಜ್ಞಾನ ಸಾಮಗ್ರಿ ಅಂಗಡಿಯಿಂದಲೇ ಬರಬೇಕೆಂದಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿಯಂಥ ಊರಿನಲ್ಲಿ ಮೈಲುತುತ್ತ ಗೊತ್ತಿಲ್ಲದ ಮನೆ ಸಿಗುವುದು ಕಷ್ಟ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕುತ್ತಾರೆ. ಸುಣ್ಣ ಸಾಕಾಯಿತೇ ಎಂದು ನೋಡಲು ಅದರಲ್ಲಿ ಕಬ್ಬಿಣದ ಕತ್ತಿ ಅದ್ದುತ್ತಾರೆ. ಕತ್ತಿಗೆ ಕೆಂಪು ಲೇಪ ಹತ್ತಿದರೆ ಸುಣ್ಣ ಇನ್ನೂ ಬೇಕು. ಪಠ್ಯಪುಸ್ತಕದ ಸ್ಥಾನಪಲ್ಲಟ ಕ್ರಿಯೆ ತೋಟದಲ್ಲಿ ನಡೆಯುತ್ತಿರುವುದು ಹೀಗೆ. ಈ ಪ್ರಯೋಗಕ್ಕೆ, ವಿದ್ಯುದ್ವಿಭಜನೆಗೆ, ಹರಳು ಬೆಳೆಸುವುದಕ್ಕೆ ಈ ತೋಟದ ಮೈಲುತುತ್ತವೇ ಸಾಕು. ಅದು ವಿಷವೆಂಬುದನ್ನು ಮಾತ್ರ ಮರೆಯಬಾರದು. ಮನೆಯಲ್ಲಿ ಬಳಕೆಯ ವಸ್ತು ಎಂಬ ಸಲುಗೆಯಿಂದ ಮಕ್ಕಳು ಕೈ ತೊಳೆಯದೆ ಊಟಕ್ಕೆ ಹೋಗುತ್ತಾರೆ.

ಉಪಕರಣ ಕೊಳ್ಳುವಾಗ ಮೂರು ಕಡೆಯಿಂದ ದರಪಟ್ಟಿ ತರಿಸಿ ಕಡಿಮೆ ದರದವರಿಗೆ ಆದೇಶ ಕೊಡುವುದು ರೂಢಿ. ನಿಯಮದಲ್ಲಿ ತಪ್ಪಿಲ್ಲ. 'ಬೀಕರ್, 250 ಮಿಲಿಲೀಟರ್, 12' ಎಂದಷ್ಟೇ ಬರೆಯುವ ಬೇಡಿಕೆ ಪಟ್ಟಿಯಲ್ಲಿದೆ ತಪ್ಪು. ಹಾಗೆ ಬರೆದರೆ ಬರುವುದು ಸಾಧಾರಣ ಸೋಡಾ ಗಾಜು. ಅದರ ಉದ್ದದ ವ್ಯಾಕೋಚನ ಗುಣಾಂಕ ಪ್ರತಿ ಡಿಗ್ರಿಗೆ ದಶಲಕ್ಷದಲ್ಲಿ ಸುಮಾರು 9 ಭಾಗ. ಬೋರೋಸಿಲಿಕೇಟ್ ಗಾಜಿನದು 3.3 ಭಾಗ. ಬಿಸಿಯಾಗಿದ್ದಾಗ ತಣ್ಣನೆಯ ಕಲ್ಲಿನ ಮೇಜಿನ ಮೇಲಿಟ್ಟರೆ ಮೊದಲನೆಯದು ಸಿಡಿಯುತ್ತದೆ. ಆದ್ದರಿಂದ ಪಟ್ಟಿಯಲ್ಲೇ 'ಬೋರೋಸಿಲಿಕೇಟ್, 3.3' ಎಂದು ನಮೂದಿಸಿ. ತಂತಿ ಜಾಲರಿಯ ನಡುವೆ ಕಲ್ನಾರು ಬೇಡ, ಪಿಂಗಾಣಿಯದು ಬೇಕೆಂದು ಬರೆಯಿರಿ. ಕಲ್ನಾರಿನ ಎಳೆಗಳು ಶ್ವಾಸಕೋಶಕ್ಕೆ ಹೋದರೆ ಹೊರಬರುವುದಿಲ್ಲ. ಬ್ಯಾಟರಿ ಎಲಿಮಿನೇಟರಿಗೆ ಮೂರು ಕಡ್ಡಿಯ ಪ್ಲಗ್ಗು, ಫ್ಯೂಸು, ಪ್ರಾಥಮಿಕ ಮತ್ತು ದ್ವಿತೀಯಕ ಸುರುಳಿಗಳು ಪ್ರತ್ಯೇಕವಾಗಿರುವ ಟ್ರಾನ್ಸ್‌ಫಾರ್ಮರ್ ಇರಲೇಬೇಕು. ಒಂದೇ ಸುರುಳಿಯ ಅಗ್ಗದ ಮಾದರಿಯಲ್ಲಿ 6 ವೋಲ್ಟಿನ ತುದಿ ಮುಟ್ಟಿದ ಮಗುವಿಗೂ 230 ವೋಲ್ಟಿನ ತಂತಿಗೂ ನೇರ ಸಂಪರ್ಕವಿರುತ್ತದೆ. ಒದ್ದೆ ನೆಲ, ಬರಿಗಾಲು ಇರುವ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಪ್ರಯೋಗಾಲಯದ ವಿದ್ಯುತ್ ಮಂಡಲಕ್ಕೆ 30 ಮಿಲಿಆಂಪಿಯರ್ ಸೋರಿಕೆಗೆ ಕಡಿತಗೊಳ್ಳುವ ಸ್ವಿಚ್ಚನ್ನೂ ಹಾಕಿಸಬೇಕು.

ಸಾಮಾನು ಬಂದ ದಿನವೇ ಪರೀಕ್ಷಿಸದೆ ಬಿಲ್ಲಿಗೆ ಸಹಿ ಹಾಕಬೇಡಿ. ಪೀನಮಸೂರವನ್ನು ಕಿಟಕಿಯೆದುರು ಹಿಡಿದು ದೂರದ ಮರದ ಬಿಂಬವನ್ನು ಗೋಡೆಯ ಮೇಲೆ ಮೂಡಿಸಿದರೆ ಸಂಗಮದೂರ ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ದಂಡಕಾಂತ ಎಷ್ಟು ಗುಂಡುಸೂಜಿ ಎತ್ತುತ್ತದೆಂದು ನೋಡಿ. ಈ ಕೆಲಸವನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೇ ಒಪ್ಪಿಸಬಹುದು.

ಇನ್ನು ಆಮ್ಲದ ವಿಷಯ. 2013ರ ಜುಲೈ 18ರಂದು ಸುಪ್ರೀಂ ಕೋರ್ಟು, ಆಮ್ಲದಾಳಿಗೆ ಗುರಿಯಾದ ಲಕ್ಷ್ಮಿ ಅವರ ಮೊಕದ್ದಮೆಯಲ್ಲಿ ಕೊಟ್ಟ ಆದೇಶ ವಿದ್ಯಾಸಂಸ್ಥೆಗಳ ಪ್ರಯೋಗಾಲಯಗಳಿಗೂ ಅನ್ವಯಿಸುತ್ತದೆ ಎಂಬುದು ಅನೇಕ ಅಧ್ಯಾಪಕರಿಗೆ ತಿಳಿದಿಲ್ಲ. ಅದರಂತೆ ಆಮ್ಲದ ಬಳಕೆಗೆ ಪ್ರತ್ಯೇಕ ವಹಿ ಇಟ್ಟು ಉಪವಿಭಾಗಾಧಿಕಾರಿಗೆ ಸಲ್ಲಿಸಬೇಕು. ಅದರ ಸುರಕ್ಷತೆಗೆ ಒಬ್ಬರನ್ನು ಹೊಣೆಗಾರರನ್ನಾಗಿ ಮಾಡಬೇಕು. ಪ್ರಯೋಗಾಲಯದಿಂದ ಹೊರಹೋಗುವವರನ್ನು ತಪಾಸಣೆ ಮಾಡಬೇಕು. ತೀರ್ಥಹಳ್ಳಿ ತಾಲ್ಲೂಕಿನ ಶಾಲೆಗಳಿಗೆ ಆ ಕಚೇರಿ ಇರುವುದು ಶಿವಮೊಗ್ಗದಲ್ಲಿ. ಸಾಗರ, ಹೊಸನಗರ ತಾಲ್ಲೂಕುಗಳಿಗೆ ಸಾಗರದಲ್ಲಿ. ಅರ್ಧ ಲೀಟರಿನ ಬಾಟಲಿಯ ಲೆಕ್ಕ ಇಡುವುದು ಸುಲಭ, ಹತ್ತು ಲೀಟರಿನದು ಕಷ್ಟ. ಮತ್ತೊಂದು ಮಾತು: ಆಮ್ಲವನ್ನು ಕೈಚೀಲದಲ್ಲಿಟ್ಟುಕೊಂಡು ಪ್ರಯಾಣಿಕರ ಬಸ್ಸಿನಲ್ಲಿ ತರುವ ಪದ್ಧತಿ ಕೂಡದು. ಘಾಟಿಯ ತಿರುವಿನಲ್ಲಿ ಬಾಟಲಿ ಒಡೆದರೆ ಏನಾದೀತೆಂದು ಯೋಚಿಸಿ. ಶಾಲೆಗೇ ತಲುಪಿಸಬೇಕೆಂಬ ಷರತ್ತನ್ನು ಆದೇಶದಲ್ಲೇ ಸೇರಿಸಿ.

ಬೀರುವಿನಲ್ಲಿ ಬಾಟಲಿಗಳನ್ನು ಇಂಗ್ಲಿಷ್ ಅಕಾರಾದಿಯಾಗಿ ಜೋಡಿಸಿದ್ದರೆ ನೋಡಲು ಚೆನ್ನ. ಆದರೆ ಆ ಕ್ರಮದಲ್ಲಿ ಅಸಿಟಿಕ್ ಆಮ್ಲದ ಹತ್ತಿರ ಅಮೋನಿಯ, ಅಲ್ಯೂಮಿನಿಯಂ ಪುಡಿಯ ಪಕ್ಕ ಅಮೋನಿಯಂ ನೈಟ್ರೇಟ್ ಬಂದು ಕೂರುತ್ತವೆ. ಎರಡನೆಯ ಜೋಡಿ ಸ್ಫೋಟಕಗಳ ತಯಾರಿಕೆಗೆ ಬಳಕೆಯಾಗುವಂಥದು. ಹೆಸರಿನ ಬದಲು ಸ್ವಭಾವ ನೋಡಿ ಬೇರ್ಪಡಿಸಬೇಕು. ಆಮ್ಲಗಳು ನೆಲಮಟ್ಟದ ಅರೆಯಲ್ಲಿ ಪ್ಲಾಸ್ಟಿಕ್ ತಟ್ಟೆಯೊಳಗಿರಲಿ, ಅವುಗಳಲ್ಲೂ ನೈಟ್ರಿಕ್ ಆಮ್ಲ ಬೇರೆಯಾಗಿರಲಿ. ಅಮೋನಿಯ, ಕಾಸ್ಟಿಕ್ ಸೋಡ ಇನ್ನೊಂದು ಕಡೆ. ಸ್ಪಿರಿಟ್, ಅಸಿಟೋನುಗಳಂಥ ಬೆಂಕಿ ಹತ್ತುವ ದ್ರವಗಳಿಗೂ ಪರ್ಮಾಂಗನೇಟ್, ನೈಟ್ರೇಟುಗಳಂಥ ಉತ್ಕರ್ಷಕಗಳಿಗೂ ನಡುವೆ ಕೋಣೆಯಷ್ಟು ಅಂತರವಿದ್ದರೆ ಒಳ್ಳೆಯದು. ಭೌತವಿಜ್ಞಾನದ ಉಪಕರಣಗಳಿಗೆ ಬೇರೆಯೇ ಬೀರು ಬೇಕು; ಇದು ನನ್ನ ಪಕ್ಷಪಾತವೆಂದುಕೊಂಡರೂ ಸರಿಯೇ.

ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆ ತೀರ್ಥಹಳ್ಳಿ ತಾಲ್ಲೂಕಿನಲ್ಲೇ ಇದೆ. ಸುತ್ತಲಿನ ಊರುಗಳಲ್ಲೂ ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಳಿ ಹೆಚ್ಚುಕಡಿಮೆ ಪರ್ಯಾಪ್ತವಾಗಿಯೇ ಇರುತ್ತದೆ. ಇಂಥ ಗಾಳಿಯಲ್ಲಿ ಮಸೂರದ ಮೇಲೆ ಶಿಲೀಂಧ್ರ ಜೇಡರ ಬಲೆಯಂತೆ ಹಬ್ಬುತ್ತದೆ. ಇದಕ್ಕೆ ಭೌತವಿಜ್ಞಾನವೇ ಉಪಾಯ ಕೊಡುತ್ತದೆ. 24 ಡಿಗ್ರಿಯಲ್ಲಿ ಒಂದು ಘನಮೀಟರ್ ಗಾಳಿ ಹಿಡಿದಿಡಬಲ್ಲ ನೀರಾವಿ ಸುಮಾರು 21.8 ಗ್ರಾಂ; 30 ಡಿಗ್ರಿಯಲ್ಲಿ 30.4 ಗ್ರಾಂ. ಸಾಪೇಕ್ಷ ಆರ್ದ್ರತೆ ನೂರಕ್ಕೆ 95 ಇದ್ದ ಗಾಳಿಯನ್ನು 24ರಿಂದ 30 ಡಿಗ್ರಿಗೆ ಬಿಸಿ ಮಾಡಿದರೆ, ಒಂದು ಹನಿ ನೀರನ್ನೂ ತೆಗೆಯದೆ ಆರ್ದ್ರತೆ 68ಕ್ಕೆ ಇಳಿಯುತ್ತದೆ. ಉಪಕರಣದ ಬೀರುವಿನಲ್ಲಿ 15 ವಾಟಿನ ಹಳೆಯ ತಂತಿ ಬಲ್ಬು ಉರಿಸಿಟ್ಟರೆ ಇದು ಸಾಧ್ಯ. ಎಲ್‌ಇಡಿ ಬಲ್ಬಿನಿಂದ ಅಷ್ಟು ಶಾಖ ಬರುವುದಿಲ್ಲ. ರಾಸಾಯನಿಕಗಳ ಬೀರುವಿನಲ್ಲಿ ಮಾತ್ರ ಎಂದಿಗೂ ಬಲ್ಬು ಬೇಡ. ನಾಡಿಗೆಲ್ಲ ಬೆಳಕು ಕೊಡುವ ಶರಾವತಿಯ ಸೀಮೆಯಲ್ಲೇ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲವಾದ್ದರಿಂದ ಮಸೂರ, ಅಶ್ರಗಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಇಡುವುದು ಹೆಚ್ಚು ಭರವಸೆಯದು.

ತೇವ ತಿನ್ನುವ ಇನ್ನೊಂದು ವಸ್ತು ಚೀಟಿ. ಅಂಟು ಕರಗುತ್ತದೆ, ಶಾಯಿ ಹರಡುತ್ತದೆ, ಉಳಿದುದನ್ನು ಹುಳ ತಿನ್ನುತ್ತದೆ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆಯಿರಿ; ಗ್ರಾಫೈಟ್ ನೀರಿಗೆ ಕರಗದು, ಆಮ್ಲದ ಆವಿಗೆ ಮಾಸದು. ಮೇಲೆ ಕರಗಿಸಿದ ಮೇಣ ಸವರಿ. ಹೆಸರು, ಸಾರತೆ, ತಂದ ತಿಂಗಳು, ತೆರೆದ ದಿನ ಇಷ್ಟಿದ್ದರೆ ಸಾಕು. ಕಾಸ್ಟಿಕ್ ಸೋಡ ದ್ರಾವಣಕ್ಕೆ ಗಾಜಿನ ಬಿರಡೆ ಹಾಕಬೇಡಿ, ಕಚ್ಚಿಕೊಳ್ಳುತ್ತದೆ.

ಪಾದರಸದ ಬಗೆಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದನ್ನು ಶಾಲೆಗೆ ತಂದವರು ನಾವು, ಭೌತವಿಜ್ಞಾನದವರು. ಒಡೆದ ಉಷ್ಣತಾಮಾಪಕದಿಂದ ಒಂದು ಗ್ರಾಂ ಪಾದರಸ ಚೆಲ್ಲಿತು ಎನ್ನಿ. ಸಾಂದ್ರತೆ 13.6 ಆದ್ದರಿಂದ ಗಾತ್ರ 0.0735 ಘನ ಸೆಂಟಿಮೀಟರ್. ಒಂದೇ ಗುಂಡಾಗಿದ್ದರೆ ಅದರ ಮೇಲ್ಮೈ 0.85 ಚದರ ಸೆಂಟಿಮೀಟರ್. ಯಾರೋ ಪೊರಕೆಯಿಂದ ಗುಡಿಸಿ ಅದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ವ್ಯಾಸದ ಹನಿಗಳಾಯಿತೆನ್ನಿ. ಈಗ ಹನಿಗಳು ಸುಮಾರು 1,40,000. ಒಟ್ಟು ಮೇಲ್ಮೈ 44 ಚದರ ಸೆಂಟಿಮೀಟರ್. ಆವಿಯಾಗುವ ದರ ಐವತ್ತು ಪಟ್ಟು ಏರಿತು! 20 ಡಿಗ್ರಿಯಲ್ಲೇ ಪಾದರಸದ ಆವಿಯಿಂದ ಪರ್ಯಾಪ್ತವಾದ ಗಾಳಿಯಲ್ಲಿ ಘನಮೀಟರಿಗೆ 13 ಮಿಲಿಗ್ರಾಮಿಗೂ ಮಿಕ್ಕಿ ಪಾದರಸವಿರುತ್ತದೆ. ದುಡಿಯುವ ಸ್ಥಳಕ್ಕೆ ಸಾಮಾನ್ಯವಾಗಿ ಒಪ್ಪುವ ಮಿತಿ 0.025 ಮಿಲಿಗ್ರಾಂ. ಮಳೆಗೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಆ ಪರ್ಯಾಪ್ತ ಮಟ್ಟ ಮುಟ್ಟದಿದ್ದರೂ ಮಿತಿ ದಾಟುವುದು ಕಷ್ಟವಲ್ಲ. ಚೆಲ್ಲಿದರೆ ಮಕ್ಕಳನ್ನು ಹೊರಗೆ ಕಳಿಸಿ, ಫ್ಯಾನು ನಿಲ್ಲಿಸಿ, ಕಿಟಕಿ ತೆರೆಯಿರಿ. ಕೈಯ ಉಂಗುರ ತೆಗೆದಿಟ್ಟು, ಕೈಗವಸು ತೊಟ್ಟು, ಎರಡು ರಟ್ಟಿನ ತುಂಡುಗಳಿಂದ ಹನಿಗಳನ್ನು ಒಟ್ಟುಗೂಡಿಸಿ ಸೂಜಿಯಿಲ್ಲದ ಸಿರಿಂಜಿನಿಂದ ಹೀರಿ. ಉಳಿದ ಕಣಗಳಿಗೆ ಅಂಟುಪಟ್ಟಿ ಒತ್ತಿ. ಎಲ್ಲವನ್ನೂ ನೀರು ತುಂಬಿದ ದಪ್ಪ ಪ್ಲಾಸ್ಟಿಕ್ ಬಾಟಲಿಯಲ್ಲಿ ಮುಚ್ಚಿಡಿ. ಪೊರಕೆ ಮುಟ್ಟಬೇಡಿ.

2013ರಲ್ಲಿ ಅಂಗೀಕಾರವಾಗಿ 2017ರಲ್ಲಿ ಜಾರಿಗೆ ಬಂದ ಮಿನಮಾಟ ಒಪ್ಪಂದವು ಪಾದರಸದ ಉಷ್ಣತಾಮಾಪಕ, ವಾಯುಭಾರಮಾಪಕಗಳ ತಯಾರಿಕೆ ನಿಲ್ಲಿಸಲು 2020ರ ಗಡುವು ಇಟ್ಟಿತು. ಕಾಲಾವಕಾಶ ಕೇಳುವ ಅನುಕೂಲವೂ ಅದರಲ್ಲಿತ್ತು. ಭಾರತ ಅದನ್ನು 2018ರಲ್ಲಿ ಅನುಮೋದಿಸಿತು. ಶಾಲೆಗೆ ಕೆಂಪು ದ್ರವದ ಉಷ್ಣತಾಮಾಪಕ ಸಾಕು. ವಾಯುಭಾರಮಾಪಕಕ್ಕೋ, ಮಲೆನಾಡಿನಲ್ಲಿ ಅಡಿಕೆ ಮರವಿದೆ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಕೊಳವೆಯಲ್ಲಿ ದಪ್ಪ ಗೋಡೆಯದು ಹನ್ನೆರಡು ಮೀಟರ್ ತೆಗೆದುಕೊಂಡು, ಕುದಿಸಿ ಆರಿಸಿದ ಬಣ್ಣದ ನೀರು ತುಂಬಿ, ಒಂದು ತುದಿ ಭದ್ರವಾಗಿ ಮುಚ್ಚಿ ಕೊನೆಗೌಡನಿಂದ ಮರಕ್ಕೆ ಕಟ್ಟಿಸಿ. ಕೆಳತುದಿ ಬಕೆಟ್ಟಿನ ನೀರಿನಲ್ಲಿ ತೆರೆಯಲಿ. ಸಮುದ್ರಮಟ್ಟದಿಂದ 600 ಮೀಟರ್ ಎತ್ತರದಲ್ಲಿ ನೀರು ಸುಮಾರು 9.3 ಮೀಟರಿನಲ್ಲಿ ನಿಲ್ಲಬೇಕು. ಬಿಸಿಲೇರಿದರೆ ಮೇಲಿನ ನೀರಾವಿಯ ಒತ್ತಡದಿಂದ ಮಟ್ಟ ಇಳಿಯುತ್ತದೆ. 25ರಿಂದ 30 ಡಿಗ್ರಿಗೆ 11 ಸೆಂಟಿಮೀಟರಿನಷ್ಟು. ಪಾದರಸದ ನಳಿಗೆಯಲ್ಲಿ ಈ ಪಾಠ ಸಿಗುತ್ತಿರಲಿಲ್ಲ.

ಕೊನೆಯದಾಗಿ ಹಳೆಯ ದಾಸ್ತಾನು. ರಾಸಾಯನಿಕ, ಗಾಜುಗಳು ಬಳಸಿ ಮುಗಿಯುವ ವಸ್ತುಗಳು. ಅವನ್ನು ಕುರ್ಚಿ ಮೇಜುಗಳ ವಹಿಯಲ್ಲಿ ಬರೆದರೆ ಲೆಕ್ಕ ತಪಾಸಣೆಯ ಭಯಕ್ಕೆ ಒಡೆದ ಉಷ್ಣತಾಮಾಪಕವೂ ಇಪ್ಪತ್ತು ವರ್ಷ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಬೇರೆ ವಹಿ ಇಟ್ಟು, ಬಳಸಿದ್ದನ್ನು ಆಯಾ ದಿನವೇ ಕಳೆಯಿರಿ. ದುರ್ಬಲ ಆಮ್ಲವನ್ನು ಸೋಡದಿಂದ ತಟಸ್ಥಗೊಳಿಸಿ ಧಾರಾಳ ನೀರಿನೊಂದಿಗೆ ಚೆಲ್ಲಬಹುದು. ಪಾದರಸ, ಸೀಸ, ಕ್ರೋಮಿಯಂ ಲವಣಗಳನ್ನು ಚರಂಡಿಗೆ ಬಿಡಲೇಬಾರದು. ಆ ಚರಂಡಿ ಹೋಗುವುದು ಯಾರದೋ ತೋಟಕ್ಕೆ, ಬಾವಿಯ ಪಕ್ಕಕ್ಕೆ. ಅವನ್ನು ಮುಚ್ಚಿ, ಚೀಟಿ ಹಚ್ಚಿ, ಶಿವಮೊಗ್ಗದಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಬರೆದು ಕೇಳಿ. ಹೆಸರಿಲ್ಲದ ಬಾಟಲಿಯನ್ನು ಮೂಸಬೇಡಿ. ಅಂಚಿನಲ್ಲಿ ಹರಳುಗಟ್ಟಿದ ಪಿಕ್ರಿಕ್ ಆಮ್ಲವೋ, ಹಳದಿ ಪದರ ಕಟ್ಟಿದ ಪೊಟ್ಯಾಸಿಯಂ ತುಂಡೋ ಕಂಡರೆ ಅಲುಗಿಸದೆ, ಮುಚ್ಚಳ ತಿರುಗಿಸದೆ, ಕೋಣೆ ಮುಚ್ಚಿ ಅಗ್ನಿಶಾಮಕ ದಳಕ್ಕೆ ತಿಳಿಸಿ. ಎರಡೂ ಉಜ್ಜಾಟಕ್ಕೆ ಸಿಡಿಯಬಲ್ಲವು. ವರ್ಗವಾಗಿ ಹೋಗುವ ಅಧ್ಯಾಪಕರು ಬೀಗದ ಕೈ ಕೊಡುವ ಮೊದಲು, ಬರುವವರ ಜತೆ ಬೀರುವಿನ ಮುಂದೆ ನಿಂತು ಒಂದೊಂದೇ ಬಾಟಲಿಯ ಹೆಸರನ್ನು ಗಟ್ಟಿಯಾಗಿ ಓದಿ, ವಹಿಯಲ್ಲಿ ಇಬ್ಬರೂ ಸಹಿ ಹಾಕಬೇಕು. ಸಣ್ಣ ಶಾಲೆಯಲ್ಲಿ ಇದಕ್ಕೆ ಒಂದು ಮಧ್ಯಾಹ್ನ ಸಾಕು.