ಲಾರಿ ಕಲಿಸುವ ಧಣಿ, ಕಟ್ಟಿಹಾಕುವ ಕರಾರು

ಕೊಡಗಿನ ಮೂರ್ನಾಡಿನಿಂದ ಕಾಫಿ ಮೂಟೆ ಹೇರಿಕೊಂಡು ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ಗೆ ಹೊರಟ ಲಾರಿಯ ಎಡಬದಿಯ ಸೀಟಿನಲ್ಲಿ ಕ್ಲೀನರ್ ಹುಡುಗ ಕೂತಿರುತ್ತಾನೆ. ತಿರುವಿನಲ್ಲಿ ತಲೆ ಹೊರಹಾಕಿ ‘ರೈಟ್’ ಎನ್ನುವುದು, ಏರಿನಲ್ಲಿ ಗಾಡಿ ನಿಂತರೆ ಹಾರಿ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡುವುದು, ಮಳೆ ಬಂದರೆ ಟಾರ್ಪಾಲು ಬಿಗಿಯುವುದು ಅವನ ಪಾಲಿನ ಕೆಲಸ. ನಮ್ಮ ಹಳೆಯ ಚಾಲಕರಲ್ಲಿ ಬಹುಪಾಲು ಮಂದಿ ಕಲಿತದ್ದು ಹೀಗೆಯೇ. ಅಲ್ಲಿ ಫೀಸಿರಲಿಲ್ಲ, ಕಡಿಮೆ ಸಂಬಳವೇ ಫೀಸು. ಕರಾರೂ ಬಾಯಿಮಾತಿನದೇ.

ಈಗ ಅಷ್ಟು ಸಾಲದು. ಭಾರಿ ವಾಹನದ ಲೈಸೆನ್ಸಿಗೆ 20 ವರ್ಷ ತುಂಬಿರಬೇಕು, ಅದಕ್ಕೆ ಮೊದಲು ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷ ಕಳೆದಿರಬೇಕು. 2021ರಲ್ಲಿ ಜಾರಿಗೆ ಬಂದ ನಿಯಮದಂತೆ ಮಾನ್ಯತೆ ಪಡೆದ ಕೇಂದ್ರಗಳಲ್ಲಿ ಭಾರಿ ವಾಹನದ ತರಬೇತಿ 6 ವಾರ, 38 ಗಂಟೆ. ಫೀಸು, ಊಟ, ವಸತಿ, ಜೊತೆಗೆ ಆ ದಿನಗಳ ಕೂಲಿಯೂ ಹೋಯಿತು. ಆಗ ‘ಖರ್ಚು ನಾನು ಹಾಕ್ತೇನೆ, ಎರಡು ವರ್ಷ ನಮ್ಮ ಗಾಡಿಯನ್ನೇ ಓಡಿಸು’ ಎಂಬ ಧಣಿಯ ಮಾತು ಸಿಹಿಯಾಗಿಯೇ ಕೇಳುತ್ತದೆ. ಅಮೆರಿಕದ ದೊಡ್ಡ ಟ್ರಕ್ ಕಂಪನಿಗಳಲ್ಲಂತೂ ಇದು ರೂಢಿ: ನಡುವೆ ಬಿಟ್ಟರೆ ಖರ್ಚು ವಾಪಸ್ ಕಟ್ಟಬೇಕು.

ಇಂಥ ಕರಾರು ನಮ್ಮ ಕಾನೂನಿನಲ್ಲಿ ನಿಲ್ಲುತ್ತದೆಯೇ? ನಿಲ್ಲಬಹುದು. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ದುಡಿಯುವುದಾಗಿ ಬಾಂಡ್ ಬರೆದುಕೊಟ್ಟು, ಅದು ತುಂಬುವ ಮೊದಲೇ ಕೆಲಸ ಬಿಟ್ಟು, ಅದರಂತೆ 2 ಲಕ್ಷ ರೂಪಾಯಿ ಕಟ್ಟಿದ್ದರು. ಕರ್ನಾಟಕ ಹೈಕೋರ್ಟ್ ಅವರ ಪರ ನಿಂತಿತು. ಆದರೆ 2025ರ ಮೇ 14ರಂದು ಸುಪ್ರೀಂ ಕೋರ್ಟ್ ಬಾಂಡನ್ನೇ ಎತ್ತಿಹಿಡಿಯಿತು. ಅವರ ಸಂಬಳಕ್ಕೆ ಆ ಮೊತ್ತ ಅತಿಯಲ್ಲ ಎಂಬುದೂ ಅದಕ್ಕೊಂದು ಕಾರಣ. ಲಾರಿ ಚಾಲಕನ ಸಂಬಳಕ್ಕೆ ಅದೇ 2 ಲಕ್ಷ ಬೇರೆಯದೇ ಲೆಕ್ಕ.

1872ರ ಕರಾರು ಕಾಯ್ದೆಯ 74ನೇ ಕಲಮು ಇಲ್ಲಿ ಕೈಹಿಡಿಯುತ್ತದೆ. ಬಾಂಡಿನಲ್ಲಿ ಎಷ್ಟೇ ಬರೆದಿರಲಿ, ಕೋರ್ಟ್ ಕೊಡಿಸುವುದು ನ್ಯಾಯವಾದ ಪರಿಹಾರವನ್ನಷ್ಟೆ. ಬರೆದ ಮೊತ್ತ ಅದರ ಗರಿಷ್ಠ ಮಿತಿ. ಇನ್ನು, ಮುಂಗಡದ ನೆಪದಲ್ಲಿ ಬೇರೆ ಕಡೆ ಕೆಲಸಕ್ಕೆ ಹೋಗದಂತೆ ತಡೆದರೆ ಅದು 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಯ ಮಾತಾಗುತ್ತದೆ. ತೋಟದ ಕೂಲಿಗಳ ಲೈನ್ ಮನೆಗಳನ್ನು ಕಂಡ ಕೊಡಗಿಗೆ ಮುಂಗಡದ ಕಟ್ಟು ಹೊಸತೇನಲ್ಲ.

ಧಣಿ ಖರ್ಚು ಹಾಕುವುದು ತಪ್ಪಲ್ಲ, ಎಷ್ಟೋ ಹುಡುಗರಿಗೆ ಬೇರೆ ದಾರಿಯೂ ಇಲ್ಲ. ಆದರೆ ಸಹಿ ಹಾಕುವ ಮುನ್ನ ಫೀಸಿನ ರಸೀದಿ ನೋಡಿ. ದುಡಿದ ಪ್ರತಿ ತಿಂಗಳಿಗೂ ಬಾಕಿ ಇಷ್ಟಿಷ್ಟು ಇಳಿಯುತ್ತದೆ ಎಂದು ಕನ್ನಡದಲ್ಲೇ ಬರೆಸಿ, ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ. ಖಾಲಿ ಚೆಕ್ಕನ್ನಾಗಲಿ, ಅಸಲು ಡಿಎಲ್ಲನ್ನಾಗಲಿ ಯಾರ ಕೈಗೂ ಕೊಡಬೇಡಿ.